ಘರಪಟ್ಟಿಯೂ ಮುಪ್ಪೂ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಥಾಣೆಗೆ ಓಡಿದ ರೈಲು ಮರುವರ್ಷವೇ ಕಲ್ಯಾಣವನ್ನು ಮುಟ್ಟಿತು. ನೂರು ವರ್ಷಗಳ ಅನಂತರ ಅದೇ ಹಳಿಗುಂಟ ಅಸಂಖ್ಯ ಕನ್ನಡ ಕುಟುಂಬಗಳು ಮುಂಬಯಿಯ ಚಾಳುಗಳನ್ನು ತೊರೆದು ಥಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಬಂದವು. 1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಮೇಲೆ ನವಿಮುಂಬಯಿಯೂ ಬೆಳೆಯಿತು. ಬಾಡಿಗೆದಾರರಾಗಿದ್ದವರು ಮನೆಯೊಡೆಯರಾದರು, ಘರಪಟ್ಟಿ ಅವರ ಹೆಸರಿಗೆ ಬರತೊಡಗಿತು.

ಚಾಳಿನಲ್ಲೇ ಉಳಿದವರಿಗೆ ಕಾನೂನಿನ ಆಸರೆಯಿತ್ತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯ್ದೆ 1940ರ ಸೆಪ್ಟೆಂಬರ್ 1ರ ಬಾಡಿಗೆಯನ್ನೇ ಮೂಲಮಾನವಾಗಿ ಹಿಡಿದಿತ್ತು. ಪುರಸಭೆಯ ತೆರಿಗೆಗೂ ಬಾಡಿಗೆಯೇ ಆಧಾರ: ಮನೆಗೆ ವರ್ಷಕ್ಕೆ ಬರಬಹುದಾದ ಬಾಡಿಗೆಯಲ್ಲಿ ದುರಸ್ತಿಗೆಂದು ಶೇ. 10 ಕಳೆದು, ಉಳಿದ ಮೌಲ್ಯದ ಮೇಲೆ ಕರ ವಿಧಿಸುವುದು ಪದ್ಧತಿ. ಮಾಲೀಕನೇ ವಾಸವಿರುವ ಮನೆಯ ಮೌಲ್ಯವೂ ನಿಯಮಬದ್ಧ ಬಾಡಿಗೆಯನ್ನು ಮೀರಬಾರದೆಂದು ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ದಿಲ್ಲಿಯ ಪ್ರಕರಣವೊಂದರಲ್ಲಿ ತೀರ್ಪಿತ್ತಿತು.

ಉಪನಗರಗಳ ಹಳೆಯ ಕಟ್ಟಡಗಳಿಗೂ ಈ ಪದ್ಧತಿಯಿಂದ ಸದ್ದಿಲ್ಲದ ರಿಯಾಯಿತಿಯೊಂದು ದೊರೆತಿದೆ. ಕಟ್ಟಿದ ಕಾಲದ ಬಾಡಿಗೆಗೆ ತಕ್ಕಂತೆ ಹಿಡಿದ ಮೌಲ್ಯ ಹೊಸ ಕಟ್ಟಡಗಳಿಗಿಂತ ಕಡಿಮೆ. ಆದರೆ ಅದು ಗೋಡೆಗಳಿಗೆ ಸಂದ ರಿಯಾಯಿತಿ, ವೃದ್ಧರಿಗಲ್ಲ. ಎಪ್ಪತ್ತು-ಎಂಬತ್ತರ ದಶಕದ ಕಟ್ಟಡ ಶಿಥಿಲವಾಗಿ ಪುನರ್ವಿಕಾಸಕ್ಕೆ ಹೋದರೆ, ಹೊಸ ಮನೆಗೆ ಹೊಸ ಮೌಲ್ಯಮಾಪನ. ಮನೆಯೊಡೆಯರು ಅವರೇ, ಪಿಂಚಣಿಯೂ ಹಿಂದಿನದೇ. ಏರುವುದು ತೆರಿಗೆ ಮಾತ್ರ.

ಆ ಪಿಂಚಣಿಯಾದರೂ ಎಷ್ಟು? ಖಾಸಗಿ ನೌಕರರಿಗೆಂದು ಜಾರಿಯಾದ 1995ರ ಯೋಜನೆಯಲ್ಲಿ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾದದ್ದು 2014ರಲ್ಲಿ. ಅದಕ್ಕೆ ತುಟ್ಟಿಭತ್ಯೆಯ ಜೋಡಣೆಯಿಲ್ಲ.

ಮಹಾರಾಷ್ಟ್ರದ ಪಾಲಿಕೆಗಳ 1949ರ ಕಾಯ್ದೆ ಪೂಜಾಸ್ಥಳಗಳಿಗೂ ಧರ್ಮಾರ್ಥ ಕಟ್ಟಡಗಳಿಗೂ ಸಾಮಾನ್ಯ ಕರದಿಂದ ವಿನಾಯಿತಿ ನೀಡುತ್ತದೆ. ಮುಂಬಯಿಯಲ್ಲಿ 2022ರಿಂದ 500 ಚದರಡಿವರೆಗಿನ ವಾಸದ ಮನೆಗಳಿಗೆ ಆಸ್ತಿತೆರಿಗೆ ಮನ್ನಾ ಆಯಿತು. ಅಲ್ಲಿಯೂ ಅಳೆದದ್ದು ನೆಲವನ್ನೇ, ಒಡೆಯನ ವಯಸ್ಸನ್ನಾಗಲಿ ಆದಾಯವನ್ನಾಗಲಿ ಅಲ್ಲ. ಬಾಕಿಯ ಮೇಲಿನ ದಂಡವನ್ನು ಇಳಿಸುವ ಅಭಯ ಯೋಜನೆಗಳ ಲಾಭ ಬಾಕಿದಾರರಿಗೆ. ಹೊಟ್ಟೆ ಕಟ್ಟಿ ಸಕಾಲಕ್ಕೆ ಪಾವತಿಸಿದ ಹಿರಿಯರಿಗೆ ಅದರಿಂದ ಏನೂ ಇಲ್ಲ.

ಬೇರೆಡೆ ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ದೊರೆತಿವೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1964ರಲ್ಲಿ ವೃದ್ಧರ ಆದಾಯಕ್ಕೆ ಹೋಲಿಸಿ, ಮಿತಿಮೀರಿದ ಆಸ್ತಿತೆರಿಗೆಯ ಭಾಗವನ್ನು ಸರಕಾರವೇ ಭರಿಸುವ ಕ್ರಮವನ್ನು ತಂದಿತು. ಕ್ಯಾಲಿಫೋರ್ನಿಯಾ 1978ರ ಜನಮತದಿಂದ ಮೌಲ್ಯದ ವಾರ್ಷಿಕ ಏರಿಕೆಯನ್ನು ಶೇ. 2ಕ್ಕೆ ಕಟ್ಟಿಹಾಕಿತು. ಎರಡನೆಯದರ ಫಲ ಸಿರಿವಂತರಿಗೂ ದಕ್ಕಿತು. ಹೊಸದಾಗಿ ಮನೆ ಕೊಂಡವರ ಮೇಲೆ ಹೊರೆ ಹೆಚ್ಚಿತು. ಮೊದಲನೆಯದು ನೆರವನ್ನು ಅಗತ್ಯವಿದ್ದವರಿಗೇ ತಲುಪಿಸಿತು.

ರಸ್ತೆ, ನೀರು, ಚರಂಡಿಗಳಿಗೆ ಪಾಲಿಕೆಗೂ ಹಣ ಬೇಕು; ಎಲ್ಲ ವೃದ್ಧರಿಗೂ ಮನ್ನಾ ಎಂಬುದು ನ್ಯಾಯವಲ್ಲ. ವಾಸದ ಒಂದೇ ಮನೆ, ಪಿಂಚಣಿಯೊಂದೇ ಆದಾಯ ಎಂಬವರಿಗೆ ಆದಾಯಕ್ಕೆ ತಕ್ಕ ಮಿತಿ, ಇಲ್ಲವೇ ಆಸ್ತಿ ವಾರಸುದಾರರಿಗೆ ವರ್ಗವಾಗುವವರೆಗೆ ಕರ ಮುಂದೂಡುವ ಅವಕಾಶ ಸಿಕ್ಕರೆ ಸಾಕು. ನಮ್ಮ ಹಿರಿಯರು ಲೋಕಲ್ ರೈಲಿನಲ್ಲಿ ನಿಂತೇ ದುಡಿದು ಸಾಲ ತೀರಿಸಿ ಪಡೆದದ್ದು ಲಾಭದ ಸರಕನ್ನಲ್ಲ, ನೆಲೆಯನ್ನು. ಮಾರಿದಾಗ ಮಾತ್ರ ಕೈಗೆ ಬರುವ ಬೆಲೆಯನ್ನು ಮುಂದಿಟ್ಟುಕೊಂಡು, ಮಾರಲೊಲ್ಲದವರಿಂದ ಪ್ರತಿವರ್ಷ ಪಾಲು ಕೇಳುವ ಲೆಕ್ಕಕ್ಕೆ ಒಂದು ತಿದ್ದುಪಡಿ ಬೇಕಾಗಿದೆ.