ಸಾಂಕ್ರಾಮಿಕದ ಕಾಲದಲ್ಲಿ ಅತಿಥಿ ಮತ್ತು ಊರವರು: ಇತಿಹಾಸ ಕಲಿಸುವ ಪಾಠ

ರೋಗ ಹರಡುವ ಕಾಲದಲ್ಲಿ ಊರಿಗೆ ಬರುವ ಅತಿಥಿಯನ್ನು ಬೇಡ ಎನ್ನಬಹುದೇ? ಅತಿಥಿ ಸತ್ಕಾರ ಈಮಾನಿನ ಭಾಗ ಎಂದು ಮದ್ರಸದ ಸಣ್ಣ ತರಗತಿಯಲ್ಲೇ ಕಲಿತವರು ನಾವು. ಆದರೆ ಕೊರೋನಾದ ಎರಡು ವರ್ಷಗಳಲ್ಲಿ ಈ ಪ್ರಶ್ನೆ ನಮ್ಮ ಮಹಲ್ಲುಗಳಲ್ಲಿ ಮತ್ತೆ ಮತ್ತೆ ಕೇಳಿಬಂತು. ಕೆಲವರು ಅತಿಥಿಯನ್ನು ತಡೆಯುವುದು ಪಾಪ ಎಂದರು. ಇನ್ನು ಕೆಲವರು ಹೊರಗಿನವರೆಲ್ಲ ರೋಗ ತರುವವರು ಎಂದರು. ಎರಡೂ ಮಾತು ಪೂರ್ತಿ ಸರಿಯಲ್ಲ. ಆ ದಿನಗಳು ಕಳೆದುಹೋಗಿವೆ, ಅಲ್‌ಹಮ್ದುಲಿಲ್ಲಾಹ್. ಭಯ ಇಳಿದ ಮೇಲೆ ಶಾಂತವಾಗಿ ಕುಳಿತು ಯೋಚಿಸುವುದು ಒಳ್ಳೆಯದು. ಏಕೆಂದರೆ ಇಂಥ ಪರೀಕ್ಷೆ ಇನ್ನೊಮ್ಮೆ ಬರುವುದಿಲ್ಲ ಎಂದು ಯಾರೂ ಖಾತ್ರಿ ಕೊಡಲಾರರು.

ಈ ಪ್ರಶ್ನೆ ನಮಗೆ ದೂರದ್ದಲ್ಲ. ಪುತ್ತೂರಿನಿಂದ ಸವಣೂರು, ಕಾಣಿಯೂರು ದಾಟಿ ಹೋಗುವ ರಸ್ತೆ ಸುಬ್ರಹ್ಮಣ್ಯ ಕ್ಷೇತ್ರಕ್ಕೆ ಮುಟ್ಟುತ್ತದೆ. ಆಚೆ ಸುಳ್ಯದಲ್ಲಿ ಮಾಣಿ-ಮೈಸೂರು ಹೆದ್ದಾರಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿ ಸೇರುತ್ತದೆ. ಕಡಲಿಗೂ ಮಲೆಗೂ ನಡುವೆ ಇರುವವರು ನಾವು. ಹೋಗುವವರೂ ಬರುವವರೂ ನಮ್ಮ ಬಾಗಿಲ ಮುಂದೆಯೇ ಹಾದುಹೋಗಬೇಕು. ನಮ್ಮವರಲ್ಲಿ ಎಷ್ಟೋ ಜನ ಈ ದಾರಿಗಳಲ್ಲಿ ಹೋಟೆಲ್, ಹಣ್ಣಿನ ಅಂಗಡಿ, ಬಾಡಿಗೆ ವಾಹನ ನಡೆಸಿ ಸಂಸಾರ ಸಾಗಿಸುವವರು. ಎಮ್ಮೆಮಾಡಿನ ಝಿಯಾರತ್‌ಗೆ ಹೊರಟಾಗ ನಾವೂ ಕೊಡಗಿನ ಅತಿಥಿಗಳೇ.

ಮೊದಲು ಕೊಡಗಿನ ವಿಷಯ ನೋಡೋಣ. 2011ರ ಜನಗಣತಿಯ ಪ್ರಕಾರ ಆ ಜಿಲ್ಲೆಯ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಮನೆಗಳು ತೋಟಗಳ ನಡುವೆ ದೂರ ದೂರ. ಕಾಯಿಲೆ ಗಂಭೀರವಾದರೆ ಜನ ಮಂಗಳೂರಿಗೋ ಮೈಸೂರಿಗೋ ಘಾಟಿ ಇಳಿಯಬೇಕು. 2018 ಮತ್ತು 2019ರ ಮಳೆಗಾಲದಲ್ಲಿ ಗುಡ್ಡ ಕುಸಿದು ಆ ನಾಡು ಬಹಳ ನೊಂದಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಜೂನ್ 8ರ ನಂತರ ಹೋಟೆಲುಗಳೂ ಆರಾಧನಾಲಯಗಳೂ ಹಂತ ಹಂತವಾಗಿ ತೆರೆದವು. ನಗರಗಳಲ್ಲಿ ತಿಂಗಳುಗಟ್ಟಲೆ ಬಾಗಿಲು ಹಾಕಿ ಕುಳಿತವರಿಗೆ ಬೆಟ್ಟದ ಗಾಳಿ ಬೇಕೆನಿಸಿತು. ಕಾರುಗಳು ಕೊಡಗಿನ ಕಡೆ ತಿರುಗಿದವು. ಊರವರಿಗೆ ಅವುಗಳಲ್ಲಿ ಕಂಡದ್ದು ಗಿರಾಕಿಗಳು ಮಾತ್ರವಲ್ಲ. ಪಕ್ಕದ ಹೋಂಸ್ಟೇಗೆ ಬಂದವರಿಂದ ರೋಗ ಹತ್ತಿದರೆ ಮನೆಯ ಮುದುಕರನ್ನು ಎಲ್ಲಿಗೆ ಒಯ್ಯಲಿ ಎಂಬ ಚಿಂತೆ ಅವರದು. ಆ ಜುಲೈಯಲ್ಲಿ ಹೋಂಸ್ಟೇ, ರೆಸಾರ್ಟುಗಳಿಗೆ ಮತ್ತೆ ಬೀಗ ಬಿತ್ತು.

ಎರಡನೆಯ ಅಲೆಯಲ್ಲಿ ಆ ಚಿಂತೆ ಇನ್ನೂ ಬೆಳೆಯಿತು. 2021ರ ಜುಲೈಯಲ್ಲಿ ರಾಜ್ಯದ ಇತರ ಕಡೆ ನಿರ್ಬಂಧ ಸಡಿಲವಾಗುತ್ತಿದ್ದಾಗ ಕೊಡಗಿಗೆ ಆ ಸಡಿಲಿಕೆ ತಕ್ಷಣ ಸಿಗಲಿಲ್ಲ. ಅದೇ ತಿಂಗಳು ದೇಶದ ಗಿರಿಧಾಮಗಳಲ್ಲಿ ಮಾಸ್ಕ್ ಇಲ್ಲದೆ ಸೇರುತ್ತಿದ್ದ ಜನರ ಬಗ್ಗೆ ಪ್ರಧಾನಿಯೇ ಕಳವಳ ವ್ಯಕ್ತಪಡಿಸಿದರು. ಆಗಸ್ಟ್‌ನಲ್ಲಿ ಗಡಿ ಜಿಲ್ಲೆಗಳಾದ ಕೊಡಗಿಗೂ ನಮ್ಮ ದಕ್ಷಿಣ ಕನ್ನಡಕ್ಕೂ ವಾರಾಂತ್ಯ ಕರ್ಫ್ಯೂ ಬಂತು. ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಸಾಲ ಮಾಡಿ ಹೋಂಸ್ಟೇ ಕಟ್ಟಿದವನು, ಜೀಪ್ ಓಡಿಸುವವನು, ಜೇನು, ಕಾಳುಮೆಣಸು ಮಾರುವವನು ಕೂಡಾ ಊರವನೇ. ಪ್ರವಾಸಿ ಬಂದರೆ ರೋಗದ ಭಯ, ಬಾರದಿದ್ದರೆ ಹಸಿವಿನ ಭಯ. ಎರಡೂ ಒಂದೇ ಮನೆಯೊಳಗೆ ಇದ್ದವು.

ಇಂಥ ಇಕ್ಕಟ್ಟು ಮುಸ್ಲಿಂ ಇತಿಹಾಸಕ್ಕೆ ಹೊಸದಲ್ಲ. ಹಿಜ್ರಿ 18ರಲ್ಲಿ, ಅಂದರೆ ಕ್ರಿ.ಶ. 639ರ ಸುಮಾರಿಗೆ, ಶಾಮ್ ನಾಡಿನಲ್ಲಿ ಪ್ಲೇಗ್ ಎದ್ದಿತು. ಜೆರುಸಲೇಮಿನ ಸಮೀಪದ ಅಮ್ವಾಸ್ ಎಂಬ ಊರಿನ ಹೆಸರಿನಲ್ಲಿ ಅದು ಅಮ್ವಾಸ್ ಪ್ಲೇಗ್ ಎಂದೇ ಪ್ರಸಿದ್ಧ. ಸುಮಾರು 25,000 ಜನ ಅದರಲ್ಲಿ ತೀರಿಕೊಂಡರೆಂದು ಇತಿಹಾಸಕಾರರು ಹೇಳುತ್ತಾರೆ. ಆ ಹೊತ್ತಿಗೆ ಖಲೀಫಾ ಉಮರ್ (ರ) ಮದೀನಾದಿಂದ ಶಾಮ್‌ಗೆ ಹೊರಟಿದ್ದರು. ಹಿಜಾಝ್ ಮತ್ತು ಶಾಮ್‌ನ ಗಡಿಯ ಸರ್ಗ್ ಎಂಬಲ್ಲಿ ಸೇನಾನಾಯಕರು ಎದುರುಗೊಂಡು ರೋಗದ ಸುದ್ದಿ ತಿಳಿಸಿದರು.

ಮುಂದೆ ನಡೆದದ್ದನ್ನು ಗಮನಿಸಿ. ಉಮರ್ (ರ) ತಾವೇ ಆಜ್ಞೆ ಹೊರಡಿಸಲಿಲ್ಲ. ಮೊದಲು ಮುಹಾಜಿರ್‌ಗಳನ್ನು ಕರೆದು ಕೇಳಿದರು. ಅವರಲ್ಲಿ ಭಿನ್ನಾಭಿಪ್ರಾಯ ಬಂತು. ಆಮೇಲೆ ಅನ್ಸಾರ್‌ಗಳನ್ನು ಕೇಳಿದರು. ಅವರಲ್ಲೂ ಹಾಗೆಯೇ. ಕೊನೆಗೆ ಕುರೈಶರ ಹಿರಿಯರನ್ನು ಕರೆಸಿದಾಗ, ಜನರನ್ನು ರೋಗದ ಬಾಯಿಗೆ ಒಯ್ಯಬೇಡಿ, ಹಿಂತಿರುಗಿ ಎಂದು ಅವರೆಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಹಿಂತಿರುಗುವ ತೀರ್ಮಾನವಾಯಿತು. ಇದು ಅಲ್ಲಾಹನ ವಿಧಿಯಿಂದ ಓಡಿಹೋಗುವುದಲ್ಲವೇ ಎಂದು ಅಬೂ ಉಬೈದಾ (ರ) ಕೇಳಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಗೆ ಹೋಗುತ್ತಿದ್ದೇವೆ ಎಂಬುದು ಉಮರ್ (ರ) ಅವರ ಉತ್ತರದ ಸಾರ. ಒಂದು ಮಗ್ಗುಲಲ್ಲಿ ಹಸಿರು, ಇನ್ನೊಂದು ಮಗ್ಗುಲಲ್ಲಿ ಬರಡು ನೆಲವಿರುವ ಕಣಿವೆಯಲ್ಲಿ ಒಂಟೆ ಮೇಯಿಸುವವನ ಉದಾಹರಣೆಯನ್ನೂ ಕೊಟ್ಟರು. ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ತಾನೇ?

ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್ (ರ) ಬಂದರು. ಈ ವಿಷಯದಲ್ಲಿ ಪ್ರವಾದಿ (ಸ) ಅವರಿಂದ ಕೇಳಿದ ಮಾತು ನನ್ನಲ್ಲಿದೆ ಎಂದರು. ಪ್ಲೇಗ್ ಇರುವ ನಾಡಿಗೆ ಹೋಗಬಾರದು, ತಾನಿರುವ ನಾಡಿನಲ್ಲಿ ಅದು ಬಂದರೆ ಅದರಿಂದ ಪಲಾಯನ ಮಾಡಿ ಹೊರಗೆ ಹೋಗಬಾರದು ಎಂಬುದು ಆ ಉಪದೇಶ. ಉಮರ್ (ರ) ಅಲ್ಲಾಹನನ್ನು ಸ್ತುತಿಸಿ ಮದೀನಾಕ್ಕೆ ಮರಳಿದರು.

ಈ ಘಟನೆಯನ್ನು ನಾವು ಖುತುಬಾಗಳಲ್ಲಿ ಹಲವು ಸಲ ಕೇಳಿದ್ದೇವೆ. ಆದರೆ ಒಂದು ಅಂಶ ಕೈತಪ್ಪಿ ಹೋಗುತ್ತದೆ. ಸರ್ಗ್‌ನಲ್ಲಿ ಹಿಂತಿರುಗಿದವರು ಬರುತ್ತಿದ್ದ ಅತಿಥಿ. ಅವರನ್ನು ತಡೆಯುವ ಅಧಿಕಾರ ಆ ನಾಡಿನಲ್ಲಿ ಯಾರಿಗೂ ಇರಲಿಲ್ಲ, ಆ ನಾಡೇ ಅವರ ಆಡಳಿತದ್ದು. ಅಲ್ಲಿ ಚೆಕ್‌ಪೋಸ್ಟ್ ಇರಲಿಲ್ಲ, ದಂಡ ಇರಲಿಲ್ಲ. ಹೊರಟವರೇ ಕೇಳಿದರು, ಯೋಚಿಸಿದರು, ಮರಳಿದರು. ಸಾಂಕ್ರಾಮಿಕದ ಕಾಲದಲ್ಲಿ ತಡೆಯುವ ಹೊಣೆ ಮೊದಲು ಇರುವುದು ಹೊರಟವನ ಮೇಲೆ. ಅವನು ಆ ಹೊಣೆ ಹೊರದಿದ್ದಾಗ ಮಾತ್ರ ಅದು ಊರವರ ತಲೆಗೆ ಬೀಳುತ್ತದೆ. ಕೊಡಗಿನ ಜನ ಗೇಟು ಹಾಕಿ ಎಂದು ಕೇಳಬೇಕಾದದ್ದು ಅವರಲ್ಲಿ ಅತಿಥಿ ಪ್ರೇಮ ಕಡಿಮೆಯಾದುದರಿಂದಲ್ಲ. ಹೊರಟವರಲ್ಲಿ ವಿವೇಚನೆ ಕಡಿಮೆಯಾದುದರಿಂದ.

ಅಮ್ವಾಸ್ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅಬೂ ಉಬೈದಾ (ರ) ತಮ್ಮ ಸೈನಿಕರನ್ನು ಬಿಟ್ಟು ಬರಲೊಪ್ಪದೆ ಅಲ್ಲೇ ಉಳಿದು ಪ್ಲೇಗಿನಲ್ಲಿ ತೀರಿಕೊಂಡರು. ಅವರ ನಂತರ ಹೊಣೆ ಹೊತ್ತ ಮುಆದ್ ಬಿನ್ ಜಬಲ್ (ರ) ಕೂಡಾ ತೀರಿಕೊಂಡರು. ಆಮೇಲೆ ಅಮ್ರ್ ಬಿನ್ ಆಸ್ (ರ) ನಾಯಕರಾದಾಗ, ಈ ರೋಗ ಬೆಂಕಿಯಂತೆ ಹಬ್ಬುತ್ತದೆ, ಬೆಟ್ಟಗಳಿಗೆ ಹೋಗಿ ಚದುರಿಕೊಳ್ಳಿ ಎಂದು ಜನರಿಗೆ ಹೇಳಿದರು. ಕೆಲವು ಸಹಾಬಿಗಳು ಆಕ್ಷೇಪಿಸಿದರು. ಆದರೂ ಜನ ಬೆಟ್ಟಗಳಿಗೆ ಹೋದರು, ರೋಗ ಇಳಿಯಿತು. ಉಮರ್ (ರ) ಆ ಕ್ರಮವನ್ನು ಅಲ್ಲಗಳೆಯಲಿಲ್ಲ.

ಹಾಗಾದರೆ ಬೆಟ್ಟಕ್ಕೆ ಪ್ರವಾಸ ಹೋದದ್ದೂ ಸರಿಯಲ್ಲವೇ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸ ಸ್ಪಷ್ಟವಿದೆ. ಅಮ್ರ್ (ರ) ಜನರನ್ನು ಬೆಟ್ಟಕ್ಕೆ ಕಳಿಸಿದ್ದು ಒಬ್ಬರಿಂದೊಬ್ಬರನ್ನು ದೂರ ಮಾಡಲು. ನಮ್ಮ ಕಾಲದಲ್ಲಿ ಜನ ಬೆಟ್ಟಕ್ಕೆ ಹೋಗಿ ಜಲಪಾತದ ಮೆಟ್ಟಿಲುಗಳಲ್ಲಿ, ವ್ಯೂ ಪಾಯಿಂಟ್‌ಗಳಲ್ಲಿ ಒಟ್ಟು ಸೇರಿದರು. ಬೆಟ್ಟ ಒಂದೇ, ಉದ್ದೇಶ ತಲೆಕೆಳಗು.

ಪುಣ್ಯದ ಕೆಲಸಕ್ಕಾಗಿ ಒಟ್ಟು ಸೇರಿದರೆ ಹಾನಿಯಾಗದು ಎಂದು ನಂಬುವವರೂ ನಮ್ಮಲ್ಲಿದ್ದಾರೆ. ಅವರು ಸಹೀಹ್ ಬುಖಾರಿಯ ಪ್ರಸಿದ್ಧ ವ್ಯಾಖ್ಯಾನ ಬರೆದ ಇಬ್ನು ಹಜರ್ ಅಸ್ಕಲಾನಿ (ರಹ್) ಅವರನ್ನು ನೆನಪಿಸಿಕೊಳ್ಳಬೇಕು. ತಮ್ಮ ಹೆಣ್ಣುಮಕ್ಕಳನ್ನೇ ಪ್ಲೇಗಿನಲ್ಲಿ ಕಳೆದುಕೊಂಡ ಅವರು ಆ ರೋಗದ ಬಗ್ಗೆಯೇ ಒಂದು ಗ್ರಂಥ ಬರೆದರು. ಹಿಜ್ರಿ 833ರಲ್ಲಿ ಕೈರೋದಲ್ಲಿ ಜನ ಮೂರು ದಿನ ಉಪವಾಸ ಹಿಡಿದು, ಊರ ಹೊರಗಿನ ಬಯಲಲ್ಲಿ ಸೇರಿ ಪ್ರಾರ್ಥಿಸಿದರು. ಅದಕ್ಕೆ ಮುಂಚೆ ದಿನಕ್ಕೆ ನಲವತ್ತಕ್ಕಿಂತ ಕಡಿಮೆ ಇದ್ದ ಸಾವು ತಿಂಗಳು ಮುಗಿಯುವುದರೊಳಗೆ ಸಾವಿರ ದಾಟಿತು ಎಂದು ಅವರು ದಾಖಲಿಸಿದ್ದಾರೆ. ದುಆದ ಮಹತ್ವದಲ್ಲಿ ಆ ಮಹಾನ್ ವಿದ್ವಾಂಸರಿಗೆ ಸಂಶಯವಿರಲಿಲ್ಲ. ಅವರು ಕಣ್ಣಾರೆ ಕಂಡದ್ದನ್ನು ಮುಚ್ಚಿಡಲಿಲ್ಲ, ಅಷ್ಟೇ.

ಇನ್ನು ಹಜ್ಜ್ ಯಾತ್ರೆಯ ಇತಿಹಾಸ ನೋಡಿ. 1865ರಲ್ಲಿ ಮಕ್ಕಾದಲ್ಲಿ ಕಾಲರಾ ಹರಡಿ ಸುಮಾರು 15,000 ಹಾಜಿಗಳು ಮರಣ ಹೊಂದಿದರೆಂದು ಅಂದಾಜು. ಯಾತ್ರಿಕರ ಜತೆ ಅದು ಈಜಿಪ್ಟಿಗೂ ಯುರೋಪಿಗೂ ಹೋಯಿತು. ಮರು ವರ್ಷ ಇಸ್ತಾಂಬುಲ್‌ನಲ್ಲಿ ಹಲವು ದೇಶಗಳು ಸಮ್ಮೇಳನ ಸೇರಿದವು. ಮುಂದೆ ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಕ್ವಾರಂಟೈನ್ ನಿಲ್ದಾಣ ಬಂತು. ಭಾರತದಿಂದ ಹಡಗಿನಲ್ಲಿ ಹೋದ ಹಿರಿಯರು ಅಲ್ಲಿ ಇಳಿದು ದಿನಗಟ್ಟಲೆ ಕಾಯಬೇಕಿತ್ತು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ, ಮರು ವರ್ಷ ಅಲ್ಲಿಂದ ಹಜ್ಜ್ ಹಡಗುಗಳ ಪ್ರಯಾಣವನ್ನೇ ನಿಲ್ಲಿಸಲಾಯಿತು. ಅದೇ ಪ್ಲೇಗ್ 1898ರಲ್ಲಿ ಬೆಂಗಳೂರಿಗೂ ಮೈಸೂರಿಗೂ ಬಂತು. ರೈಲಿನಿಂದ ಇಳಿದವರ ತಪಾಸಣೆ, ಊರು ಬಿಟ್ಟು ಹೊರಗೆ ಗುಡಿಸಲು ಕಟ್ಟಿ ವಾಸ, ಇವೆಲ್ಲ ಆ ವರ್ಷಗಳಲ್ಲಿ ನಮ್ಮ ಕನ್ನಡ ನಾಡಿನವರೂ ಅನುಭವಿಸಿದವು.

2020ರಲ್ಲಂತೂ ಉಮ್ರಾ ನಿಂತಿತು. ಆ ವರ್ಷದ ಹಜ್ಜ್‌ಗೆ ಸೌದಿಯಲ್ಲೇ ಇದ್ದ ಸುಮಾರು ಒಂದು ಸಾವಿರ ಮಂದಿಗೆ ಮಾತ್ರ ಅವಕಾಶ. 2021ರಲ್ಲೂ ಸೌದಿಯೊಳಗಿನ 60,000 ಮಂದಿಗಷ್ಟೇ. ಜೀವಮಾನವಿಡೀ ಹಣ ಕೂಡಿಟ್ಟು ಕಾದಿದ್ದ ನಮ್ಮೂರಿನ ವೃದ್ಧರು ಕಣ್ಣೀರು ಒರೆಸಿಕೊಂಡು ಸಬ್ರ್ ಮಾಡಿದರು. ಅಲ್ಲಾಹನ ಅತಿಥಿಗಳೆಂದು ಕರೆಸಿಕೊಳ್ಳುವ ಹಾಜಿಗಳೇ ಕಾಯಬೇಕಾದಾಗ, ವಾರಾಂತ್ಯದ ಮೋಜಿಗೆ ಹೊರಟವರು ಎರಡು ತಿಂಗಳು ಕಾಯಲಾರೆವು ಎನ್ನುವುದು ಯಾವ ನ್ಯಾಯ?

ಇಷ್ಟು ಹೇಳಿದ ಮೇಲೆ ಊರವರಿಗೂ ಒಂದು ಮಾತು ಹೇಳಬೇಕು. ಭಯಕ್ಕೆ ಲಗಾಮು ಇಲ್ಲದಿದ್ದರೆ ಅದು ಬೇಗ ದ್ವೇಷವಾಗುತ್ತದೆ. 2020ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನಲ್ಲಿ ರೋಗ ಹೆಚ್ಚಿದಾಗ ಕರ್ನಾಟಕ ಗಡಿ ಮುಚ್ಚಿತು. ಕೆಲವು ರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ಕಾಸರಗೋಡಿನ ಉತ್ತರ ಭಾಗದವರು ಚಿಕಿತ್ಸೆಗೆ ಹಿಂದಿನಿಂದಲೂ ಬರುವುದು ಮಂಗಳೂರಿಗೆ. ಅವರಲ್ಲಿ ಕನ್ನಡ ಮಾತಾಡುವವರು, ತುಳು, ಬ್ಯಾರಿ ಮಾತಾಡುವವರು, ನಮ್ಮ ನೆಂಟರು ಎಲ್ಲರೂ ಇದ್ದಾರೆ. ತಲಪಾಡಿಯಲ್ಲಿ ಆಂಬ್ಯುಲೆನ್ಸ್‌ಗಳು ತಡೆಯಲ್ಪಟ್ಟವು. ಸಮಯಕ್ಕೆ ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಅವರಿಗೆ ಬಂದದ್ದು ಕೊರೋನಾ ಅಲ್ಲ, ಹೃದಯದ, ಕಿಡ್ನಿಯ ಕಾಯಿಲೆಗಳು. ಕೇರಳ ಹೈಕೋರ್ಟ್ ದಾರಿ ತೆರೆಸಬೇಕೆಂದು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ ಮೊದಲ ವಾರ ರೋಗಿಗಳನ್ನು ಬಿಡುವ ನಿಯಮ ರೂಪುಗೊಂಡಿತು. ಆದರೆ ಹೋದ ಜೀವ ಮರಳಲಿಲ್ಲ. ಪ್ರವಾಸಿಯನ್ನು ತಡೆಯುವ ಗೇಟು ಬೇರೆ, ರೋಗಿಯನ್ನು ತಡೆಯುವ ಗೇಟು ಬೇರೆ. ಮೊದಲನೆಯದು ಜೀವ ಉಳಿಸಲು, ಎರಡನೆಯದು ಜೀವ ತೆಗೆದದ್ದು.

ಅದೇ ಏಪ್ರಿಲ್‌ನಲ್ಲಿ ದೆಹಲಿಯ ನಿಜಾಮುದ್ದೀನ್ ಸುದ್ದಿ ಹಬ್ಬಿದ ಮೇಲೆ, ನಮ್ಮ ಜಿಲ್ಲೆಯಲ್ಲೂ ಮುಸ್ಲಿಂ ವ್ಯಾಪಾರಿಗಳು ಊರೊಳಗೆ ಬರಬಾರದೆಂಬ ಬರಹಗಳು ಕಾಣಿಸಿಕೊಂಡವು. ತರಕಾರಿ, ಮೀನು ಮಾರಿ ಬದುಕುವವನು ತನ್ನ ಹೆಸರಿನ ಕಾರಣಕ್ಕೆ ರೋಗವಾದ. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ, ತಬ್ಲೀಗ್‌ಗೆ ಬಂದಿದ್ದ ವಿದೇಶಿಯರ ಮೇಲಿನ ಪ್ರಕರಣಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಿದಂತಿದೆ ಎಂಬ ಅಭಿಪ್ರಾಯ ಕೊಟ್ಟಿತು. ಆ ನೋವನ್ನು ಉಂಡವರು ನಾವು. ಆದ್ದರಿಂದಲೇ ನಮ್ಮ ಬಾಯಿಂದ ಬೆಂಗಳೂರಿನವರು, ಕೇರಳದವರು, ಗಲ್ಫಿನಿಂದ ಬಂದವರು ಎಂದು ಒಂದು ಗುಂಪನ್ನೇ ದೂರುವ ಮಾತು ಬರಬಾರದು. ಗಲ್ಫಿನಿಂದ ಬಂದವನು ನಮ್ಮ ಮಗನೇ ಆಗಿದ್ದ, ಮರಳಿ ಬಂದಾಗ ನೆರೆಯವರ ನೋಟಕ್ಕೆ ತಲೆತಗ್ಗಿಸಿ ನಡೆದ.

ಸಹೋದರ ಸಹೋದರಿಯರೇ, ಈ ಇತಿಹಾಸದಿಂದ ನಮ್ಮ ಮನೆಗೆ ಒಯ್ಯಬೇಕಾದದ್ದು ಇಷ್ಟು. ರೋಗದ ಕಾಲದಲ್ಲಿ ಊರವರ ಚಿಂತೆ ಒಂದು ಹಕ್ಕು. ಅದನ್ನು ಜಿಪುಣತನ ಎಂದು ಹೀಯಾಳಿಸಬಾರದು. ಹೊರಡುವವನು ಮನೆಯ ಬಾಗಿಲಲ್ಲೇ ತನ್ನನ್ನು ಕೇಳಿಕೊಳ್ಳಬೇಕು: ನಾನು ಹೋಗುವುದು ಅಗತ್ಯಕ್ಕೋ, ಆಸೆಗೋ? ನಾನು ಹೋಗುವ ಊರಲ್ಲಿ ಆಸ್ಪತ್ರೆ ಎಷ್ಟಿದೆ, ಮುದುಕರು ಎಷ್ಟಿದ್ದಾರೆ? ಊರವರು ತಡೆಯುವುದಾದರೆ ಪ್ರವಾಸವನ್ನು ತಡೆಯಲಿ, ಮನುಷ್ಯನನ್ನಲ್ಲ. ರೋಗಿಗೆ, ಹೆರಿಗೆಗೆ ಹೊರಟವಳಿಗೆ, ಮಯ್ಯತ್‌ಗೆ ಹೋಗುವವನಿಗೆ, ದಾರಿಯಲ್ಲಿ ಸಿಕ್ಕಿಬಿದ್ದ ಕೂಲಿಯವನಿಗೆ ಬಾಗಿಲು ತೆರೆದಿರಲಿ. ಪ್ರವಾಸಿಗಳಿಲ್ಲದೆ ಸಂಪಾದನೆ ನಿಂತವರ ಹಸಿವು ಇಡೀ ಮಹಲ್ಲಿನ ಹೊಣೆ. ಝಕಾತ್, ಸದಕಾ ಇರುವುದು ಅಂಥ ದಿನಗಳಿಗೇ. ಬಾಗಿಲು ಮುಚ್ಚಿ ಎಂದು ಹೇಳಿದ ಮೇಲೆ ಮುಚ್ಚಿದವನ ಒಲೆ ಉರಿಯುತ್ತಿದೆಯೇ ಎಂದು ನೋಡದಿದ್ದರೆ ನಮ್ಮ ಮಾತು ಅರ್ಧ ಸತ್ಯ.

ಅಲ್ಲಾಹನು ನಮ್ಮ ಊರುಗಳನ್ನೂ ನಮ್ಮ ಅತಿಥಿಗಳನ್ನೂ ಎಲ್ಲ ವಿಪತ್ತುಗಳಿಂದ ಕಾಪಾಡಲಿ. ಆ ವರ್ಷಗಳಲ್ಲಿ ಅಗಲಿದವರಿಗೆ ಮಗ್ಫಿರತ್ ಕರುಣಿಸಲಿ. ಅಗತ್ಯ ಬಂದಾಗ ಸರ್ಗ್‌ನಿಂದ ಮರಳಿದ ಉಮರ್ (ರ) ಅವರ ವಿವೇಕವನ್ನೂ, ಜನರನ್ನು ಬಿಟ್ಟು ಹೋಗದ ಅಬೂ ಉಬೈದಾ (ರ) ಅವರ ಕರುಣೆಯನ್ನೂ ನಮಗೆ ದಯಪಾಲಿಸಲಿ. ಆಮೀನ್.