ಮೋಟಾರಿನ ಜೇನುಗೂಡು

ಚಿಕ್ಕಂದಿನಲ್ಲಿ ಆಗುಂಬೆಯ ಘಾಟಿಯನ್ನು ಬಸ್ಸಿನಲ್ಲಿ ಹತ್ತುವಾಗ ಕಂಡ ಒಂದು ನೋಟ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ನಡುಘಾಟಿಯ ತಿರುವಿನಲ್ಲಿ ಬಸ್ಸು ನಿಂತುಬಿಟ್ಟಿತ್ತು. ಮುಂಭಾಗದಿಂದ ಬುಸುಬುಸು ಆವಿ ಏಳುತ್ತಿತ್ತು. ಕ್ಲೀನರ್ ಹುಡುಗ ಡಬ್ಬ ಹಿಡಿದು ಝರಿಯ ಕಡೆಗೆ ಓಡಿದ. ಡ್ರೈವರು ಒದ್ದೆ ಗೋಣಿಯನ್ನು ಕೈಗೆ ಸುತ್ತಿಕೊಂಡು, ಮುಖವನ್ನು ಒಂದು ಕಡೆಗೆ ತಿರುಗಿಸಿ, ರೇಡಿಯೇಟರಿನ ಮುಚ್ಚಳವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಸಡಿಲಿಸುತ್ತ, “ದೂರ ನಿಂತ್ಕೊಳ್ಳಿ ಸ್ವಾಮೀ” ಎಂದು ನಮ್ಮನ್ನು ಗದರಿದ. ಎಂಜಿನ್ನಿಗೂ ನೀರಡಿಕೆಯಾಗುತ್ತದೆಂಬುದು ನನಗೆ ತಿಳಿದದ್ದು ಅಂದು.

ಈ ನೀರಡಿಕೆ ಮೋಟಾರಿನ ಹುಟ್ಟಿನೊಡನೆಯೇ ಬಂದದ್ದು. 1886ರಲ್ಲಿ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಗಾಡಿಗೆ ಪೇಟೆಂಟು ಪಡೆದಾಗ ಅದರಲ್ಲಿ ರೇಡಿಯೇಟರು ಎಂಬುದೇ ಇರಲಿಲ್ಲ. ಸಿಲಿಂಡರಿನ ಸುತ್ತ ನೀರು ಕುದಿಯುತ್ತಿತ್ತು, ಆವಿಯಾಗಿ ಹೋಗುತ್ತಿತ್ತು, ಹೋದಷ್ಟನ್ನು ಮತ್ತೆ ತುಂಬಬೇಕಾಗಿತ್ತು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ತಿಳಿಸದೆಯೇ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ವರೆಗೆ ನೂರಕ್ಕೂ ಮಿಕ್ಕ ಕಿಲೋಮೀಟರು ಆ ಗಾಡಿಯಲ್ಲಿ ಹೋದಳು. ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಸೂಜಿಯಿಂದ ಬಿಡಿಸಿದಳೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ದಾರಿಯುದ್ದಕ್ಕೂ ನೀರಿಗಾಗಿ ಎಷ್ಟು ಸಲ ನಿಂತಳೆಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಮೋಟಾರು ದೂರ ಹೋಗಬೇಕಾದರೆ ನೀರನ್ನು ಕಳೆಯದೆ ಶಾಖವನ್ನಷ್ಟೇ ಕಳೆಯುವ ಉಪಾಯ ಬೇಕಾಗಿತ್ತು. ಇಂಧನದಲ್ಲಿರುವ ಶಾಖದಲ್ಲಿ ಹೆಚ್ಚುಕಡಮೆ ಮೂರನೆಯ ಒಂದು ಪಾಲು ಗಾಲಿಗೂ ತಲಪದೆ, ಹೊಗೆಯೊಡನೆಯೂ ಹೋಗದೆ, ಎಂಜಿನ್ನಿನ ಮೈಗೇ ಅಂಟಿಕೊಳ್ಳುತ್ತದೆ. ಅದನ್ನು ಹೊರಕ್ಕೆ ಸಾಗಿಸದಿದ್ದರೆ ಯಂತ್ರ ತನ್ನ ಬೆಂಕಿಯಲ್ಲಿ ತಾನೇ ಬೇಯುತ್ತದೆ.

ಉಪಾಯ ಕಂಡವನು ವಿಲ್ಹೆಲ್ಮ್ ಮೇಬಾಖ್. 1846ರಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ತಬ್ಬಲಿಯಾಗಿ, ರಾಯ್ಟ್‌ಲಿಂಗನ್ ಊರಿನ ಒಂದು ಅನಾಥಾಲಯದಲ್ಲಿ ಬೆಳೆದವನು. ಅಲ್ಲಿಯ ಕಾರ್ಖಾನೆಯಲ್ಲಿ ಗಾಟ್‌ಲೀಬ್ ಡೈಮ್ಲರನ ಕಣ್ಣಿಗೆ ಬಿದ್ದು, ಮುಂದೆ ಬಾಳೆಲ್ಲ ಅವನ ಬಲಗೈಯಾದ. ನೀರಿನ ಪೆಟ್ಟಿಗೆಯೊಂದರಲ್ಲಿ ಸಣ್ಣ ಕೊಳವೆಗಳನ್ನು ಹಾಯಿಸಿ ಗಾಳಿಯಾಡಿಸುವ ಏರ್ಪಾಟನ್ನು ಅವನು 1897ರಲ್ಲೇ ಮಾಡಿದ್ದನು. ಆದರೆ ಅವನ ನಿಜವಾದ ಗೆಲವಿಗೆ ಒಂದು ಸಾವು ಕಾರಣವಾಗಬೇಕಾಯಿತು.

1900ರ ಮಾರ್ಚಿಯ ಕೊನೆಯಲ್ಲಿ ಫ್ರಾನ್ಸಿನ ನೀಸ್ ಪಟ್ಟಣದ ಬಳಿ ಲಾ ಟುರ್ಬಿ ಎಂಬ ಬೆಟ್ಟ ಹತ್ತುವ ಪಂದ್ಯ ನಡೆಯಿತು. ಡೈಮ್ಲರ್ ಕಂಪೆನಿಯ ವಿಲ್ಹೆಲ್ಮ್ ಬೌವರ್ ಎಂಬವನ ಎತ್ತರದ, ಭಾರವಾದ ಗಾಡಿ ತಿರುವಿನಲ್ಲಿ ಬಂಡೆಗೆ ಬಡಿಯಿತು, ಅವನು ಉಳಿಯಲಿಲ್ಲ. ಅದೇ ತಿಂಗಳು ಡೈಮ್ಲರನೂ ತೀರಿಕೊಂಡಿದ್ದನು. ಕಂಪೆನಿಯವರು ಪಂದ್ಯಗಳ ಸಹವಾಸವೇ ಬೇಡವೆಂದು ಕೈತೊಳೆಯುವುದರಲ್ಲಿದ್ದರು. ಆಗ ಎಮಿಲ್ ಯೆಲಿನೆಕ್ ಎಂಬ ಶ್ರೀಮಂತ ವರ್ತಕ, ದೋಷ ಪಂದ್ಯದ್ದಲ್ಲ, ಗಾಡಿಯದು ಎಂದು ಹಟ ಹಿಡಿದ. ತಗ್ಗಾದ, ಉದ್ದನೆಯ, ಹಗುರವಾದ, ಬಲವಾದ ಗಾಡಿ ಮಾಡಿಕೊಡಿ, 36 ಗಾಡಿ ನಾನೇ ಕೊಳ್ಳುತ್ತೇನೆ ಎಂದು ಐದೂವರೆ ಲಕ್ಷ ಮಾರ್ಕಿನ ಕರಾರು ಮಾಡಿದ. ಅವನದೊಂದು ಷರತ್ತು: ಗಾಡಿಗೆ ತನ್ನ ಮಗಳು ಮರ್ಸಿಡೀಸಳ ಹೆಸರು ಇರತಕ್ಕದ್ದು.

ಹಾಗೆ ಹುಟ್ಟಿದ 35 ಕುದುರೆಶಕ್ತಿಯ ಗಾಡಿಯ ಮುಂದೆ ಮೇಬಾಖ್ ಇಟ್ಟದ್ದು ಜೇನುಗೂಡಿನ ರೇಡಿಯೇಟರು. ಆರು ಮಿಲಿಮೀಟರು ಅಗಲ, ಅಷ್ಟೇ ಎತ್ತರವುಳ್ಳ 8,070 ಚೌಕ ಕೊಳವೆಗಳನ್ನು ಅಡ್ಡಡ್ಡ ಜೋಡಿಸಿ ಬೆಸೆದದ್ದು. ಸೋಜಿಗವೆಂದರೆ ಆ ಕೊಳವೆಗಳೊಳಗೆ ಹರಿಯುತ್ತಿದ್ದದ್ದು ನೀರಲ್ಲ, ಗಾಳಿ. ನೀರು ಕೊಳವೆಗಳ ನಡುವಣ ಕಿರುಸಂದುಗಳಲ್ಲಿ ತೆಳ್ಳನೆಯ ಪೊರೆಯಾಗಿ ಇಳಿಯುತ್ತಿತ್ತು. ಹಿಂದಿನಿಂದ ಬೀಸಣಿಗೆಯೊಂದು ಗಾಳಿಯನ್ನು ಎಳೆಯುತ್ತಿತ್ತು. ಮೊದಲು ಹೊರಬೇಕಾಗಿದ್ದ ನೀರಿನಲ್ಲಿ ಹೆಚ್ಚುಕಡಮೆ ಅರ್ಧವೇ ಈಗ ಸಾಕಾಯಿತು. 1901ರ ಮಾರ್ಚಿಯಲ್ಲಿ, ಬೌವರ್ ಸತ್ತು ಒಂದು ವರ್ಷ ತುಂಬುವ ಹೊತ್ತಿಗೆ, ಅದೇ ನೀಸ್‌ನಲ್ಲಿ ಈ ಗಾಡಿ ಉಳಿದವುಗಳನ್ನೆಲ್ಲ ಹಿಂದೆ ಹಾಕಿತು. ಕ್ರೀಡಾಮೋಟಾರಿನ ವಂಶಾವಳಿಯನ್ನು ಇಲ್ಲಿಂದ ಎಣಿಸುವವರುಂಟು. ನನಗೂ ಅದೇ ಸರಿಯೆನಿಸುತ್ತದೆ. ಕಂಪೆನಿ ಮಾತ್ರ ಮೇಬಾಖನನ್ನು ಮೂಲೆಗೆ ತಳ್ಳಿತು. 1907ರಲ್ಲಿ ಅವನು ಅಲ್ಲಿಂದ ಹೊರಬಿದ್ದನು. ಗಾಡಿಯ ಮೇಲೆ ಉಳಿದದ್ದು ಅದರ ಒಂದು ಮೊಳೆಯನ್ನೂ ಬಡಿಯದ ಹುಡುಗಿಯ ಹೆಸರು.

ಆ ಬಳಿಕ ಸುಮಾರು ಅರ್ಧ ಶತಮಾನ ರೇಡಿಯೇಟರೇ ಮೋಟಾರಿನ ಮುಖವಾಯಿತು. ಹಣೆ ನೋಡಿ ಕುಲ ಹೇಳುವಂತೆ ಜನ ರೇಡಿಯೇಟರು ನೋಡಿ ಗಾಡಿಯನ್ನು ಗುರುತಿಸುತ್ತಿದ್ದರು. ಅಲ್ಸೇಸಿನ ಬುಗಾಟ್ಟಿಗೆ ಕುದುರೆಲಾಳದ ಆಕಾರ, ಇಂಗ್ಲೆಂಡಿನ ಎಂ.ಜಿ.ಗೆ ನೆಟ್ಟಗೆ ನಿಂತ, ಎಂಟು ಮೂಲೆಯ ಬಿಲ್ಲೆ ತೊಟ್ಟ ಮುಖ. 1945ರಿಂದ 49ರವರೆಗೆ ಆಬಿಂಗ್ಡನ್ನಿನಲ್ಲಿ ತಯಾರಾದ ಎಂ.ಜಿ. ಟಿ.ಸಿ. ಸುಮಾರು ಹತ್ತು ಸಾವಿರ. 1953ರಲ್ಲಿ ಅದೇ ಮನೆತನದ ಟಿ.ಎಫ್. ಬಂತು. ಅದರ ನೆತ್ತಿಯ ಮೇಲೆಯೂ ಮುಚ್ಚಳವೊಂದಿತ್ತು. ಆದರೆ ಅದು ಬರಿಯ ಸೋಗು. ನೀರು ಹೊಯ್ಯುವ ನಿಜವಾದ ಬಾಯಿ ಬಾನೆಟ್ಟಿನ ಅಡಿಯಲ್ಲಿ ಅಡಗಿತ್ತು. ಆಮೇಲೆ ಮುಖವೇ ಮರೆಯಾಯಿತು. ರೇಡಿಯೇಟರು ಜಾಲರಿಯ ಹಿಂದೆ ಸರಿಯಿತು.

ಇಂಥ ಹಳೆಯ ಗಾಡಿಗಳನ್ನು ಇಂದಿಗೂ ಓಡಿಸುವ ಆಸಕ್ತರು ಇಂಗ್ಲೆಂಡಿನಲ್ಲಿ ಬಹಳ. ಅಲ್ಲಿಯ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬು 1934ರಷ್ಟು ಹಿಂದಿನದು. ಅವರಿಗೆ ಎಂಜಿನ್ನಿಗಿಂತ ದೊಡ್ಡ ಧರ್ಮಸಂಕಟ ತರುವುದು ಈ ರೇಡಿಯೇಟರೇ. ಗಡಸು ನೀರಿನ ಸುಣ್ಣ ಒಳಗೆ ಕಟ್ಟುತ್ತದೆ. ಅಲುಗಾಟಕ್ಕೆ ಬೆಸುಗೆ ಬಿರಿಯುತ್ತದೆ. ಸೋರಿಕೆ ನಿಲ್ಲಿಸಲು ನಮ್ಮ ಲಾರಿ ಡ್ರೈವರುಗಳು ಅರಿಶಿನದ ಪುಡಿ ಹಾಕುವಂತೆ ಅಲ್ಲಿನವರು ಸಾಸಿವೆಪುಡಿ ಹಾಕುತ್ತಿದ್ದರು. ಆ ಹೊತ್ತಿಗೆ ಊರು ಸೇರಿಸುವ ಮದ್ದು ಅದು. ಸೋರುವ ತೂತಿನ ಜೊತೆಗೆ ಸೋರದ ಸಂದುಗಳನ್ನೂ ಮುಚ್ಚುತ್ತದೆ. ಕೊನೆಗೊಂದು ದಿನ ಒಳಗಿನ ತಿರುಳನ್ನೇ ಬದಲಿಸಬೇಕಾಗುತ್ತದೆ.

ಏನನ್ನು ಹಾಕುವುದು? ಹೊಸ ಬಗೆಯ ತಿರುಳಿನಲ್ಲಿ ಎಲ್ಲವೂ ತಿರುಗುಮುರುಗು: ಚಪ್ಪಟೆ ಕೊಳವೆಗಳೊಳಗೆ ನೀರು, ಅವಕ್ಕೆ ತಗುಲಿದ ತೆಳುರೆಕ್ಕೆಗಳ ನಡುವೆ ಗಾಳಿ. ಅಗ್ಗ, ಗಟ್ಟಿ, ರಿಪೇರಿಗೆ ಸುಲಭ. ಅಲ್ಯುಮಿನಿಯಮ್ಮಿನದಾದರೆ ಹಗುರ ಬೇರೆ. ಜೇನುಗೂಡೋ, ಸಾವಿರಾರು ಕೊಳವೆಗಳ ತುದಿಗಳನ್ನು ಆರು ಮೂಲೆಯಾಗಿ ಅರಳಿಸಿ, ಅರಳಿದ ತುದಿಗಳಷ್ಟೇ ಒಂದಕ್ಕೊಂದು ತಾಗುವಂತೆ ಪೇರಿಸಿ, ಕರಗಿದ ಬೆಸುಗೆಯಲ್ಲಿ ಮುಖವನ್ನು ಅದ್ದಿ ತೆಗೆಯಬೇಕಾದ ಕೆಲಸ. ಅದನ್ನು ಬಲ್ಲ ಕೈಗಳು ಈಗ ವಿರಳ, ಬೆಲೆಯೂ ಹಾಗೆಯೇ. ಹಳೆಯ ಚಿಪ್ಪಿನೊಳಗೆ ಹೊಸ ತಿರುಳಿಟ್ಟರೆ ಮೋಸವೆನ್ನುವ ಕಟ್ಟುನಿಟ್ಟಿನವರಿದ್ದಾರೆ. ಹಳೆಯ ಓಲೆಗರಿಯ ಪಾಠಗಳೊಡನೆ ಹೆಣಗುವ ನನ್ನಂಥವನಿಗೆ ಅವರ ಮೇಲೆ ಮಮತೆಯೇ ಹೆಚ್ಚು. ಜೇನುಗೂಡೇ ಎದುರಿಗೆ ಕಾಣುವ ಗಾಡಿಯಲ್ಲಿ ಅದನ್ನು ಬದಲಿಸಿದರೆ ಪಾಠವನ್ನೇ ತಿದ್ದಿದಂತೆ. ಆದರೆ ಜಾಲರಿಯ ಹಿಂದೆ ಅಡಗಿದ ತಿರುಳಿಗಾಗಿ ಗಾಡಿಯನ್ನು ಕೊಟ್ಟಿಗೆಯಲ್ಲಿ ಕೊಳೆಹಾಕುವುದು ನನಗೆ ಒಪ್ಪಿಗೆಯಿಲ್ಲ. ಓಡುವುದಕ್ಕಾಗಿ ಹುಟ್ಟಿದ ವಸ್ತು ಅದು.

ಕಮ್ಮಟದ ಕೆಲಸವನ್ನು ನೋಡಿದರೆ ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನ ನೆನಪಾಗುತ್ತದೆ. ಅದೇ ತವರ, ಅದೇ ಹದವಾದ ಉರಿ, ಅದೇ ಕೈಚಳಕ. ಉರಿ ತಾಗಿಸಿ ಮೇಲಿನ ತೊಟ್ಟಿ, ಕೆಳಗಿನ ತೊಟ್ಟಿಗಳ ಬೆಸುಗೆ ಬಿಡಿಸುತ್ತಾರೆ. ಉರಿ ಕೊಂಚ ಹೆಚ್ಚಾದರೆ ಪಕ್ಕದ ಬೆಸುಗೆಗಳೂ ಕಣ್ಣೀರಿನಂತೆ ಇಳಿದುಬಿಡುತ್ತವೆ. ತೊಟ್ಟಿಗಳ ಕಿಲುಬನ್ನು ತೊಳೆದು, ಹೊಸ ತಿರುಳನ್ನು ಕೂರಿಸಿ, ಮತ್ತೆ ಬೆಸೆಯುತ್ತಾರೆ. ಹಳೆಯ ರೇಡಿಯೇಟರಿಗೆ ಇಂದಿನ ಹೆಚ್ಚು ಒತ್ತಡದ ಮುಚ್ಚಳ ಹಾಕುವುದು ಮಾತ್ರ ಕೂಡದು. ಒತ್ತಡವಿದ್ದರೆ ನೀರು ತಡವಾಗಿ ಕುದಿಯುತ್ತದೆ, ನಿಜ. ಆದರೆ ತೆಳ್ಳನೆಯ ಹಿತ್ತಾಳೆಯ ಮುದಿಮೈ ಅದನ್ನು ತಾಳದು.

ಕಡೆಯಲ್ಲಿ ಪರೀಕ್ಷೆ. ಬಾಯಿಗಳನ್ನೆಲ್ಲ ಬಿರಡೆಯಿಂದ ಮುಚ್ಚಿ, ಒಳಗೆ ಸ್ವಲ್ಪವೇ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಗುಳ್ಳೆ ಎದ್ದ ಕಡೆಗೆ ಮತ್ತೆ ಬೆಸುಗೆ. ಆಮೇಲೆ ಗಾಡಿಗೆ ಕೂರಿಸಿ ಎಂಜಿನ್ ಚಾಲೂ ಮಾಡುತ್ತಾರೆ. ಹಲವು ಹಳೆಯ ಗಾಡಿಗಳಲ್ಲಿ ನೀರೆತ್ತುವ ಪಂಪೂ ಇಲ್ಲ. ಕುದಿಯುವ ಎಸರಿನಲ್ಲಿ ಅಕ್ಕಿಕಾಳು ಮೇಲೆದ್ದು ಕೆಳಗಿಳಿಯುವುದನ್ನು ಕಂಡವರಿಗೆ ಅಲ್ಲಿಯ ನೀರಿನ ನಡೆ ಹೊಸದೇನಲ್ಲ. ಕಾದದ್ದು ತಾನಾಗಿ ಮೇಲಕ್ಕೆ, ಆರಿದ್ದು ಕೆಳಕ್ಕೆ. ಯಜಮಾನ ಮೇಲಿನ ತೊಟ್ಟಿಯ ಮೇಲೊಂದು ಕೈ, ಕೆಳಗಿನದರ ಮೇಲೊಂದು ಕೈ ಇಟ್ಟು ಕಾಯುತ್ತಾನೆ. ಮೇಲಿನದು ಬಿಸಿಯಾಗುತ್ತದೆ, ಕೆಳಗಿನದು ಇನ್ನೂ ತಣ್ಣಗಿರುತ್ತದೆ, ಬಹಳ ಹೊತ್ತು ಕಳೆದಂತೆ ಅವನಿಗೆ ತೋರುತ್ತದೆ, ಆಮೇಲೆ ಅಲ್ಲಿಯೂ ಮೆಲ್ಲಗೆ ಬೆಚ್ಚಗಾಗತೊಡಗುತ್ತದೆ.