ಚಿತ್ತಾರವನ್ನು ಹೇಳುವ ಮಾತು

ಮಧುಗಿರಿ, ಪಾವಗಡ, ಕೊರಟಗೆರೆ, ಸಿರಾ ಸೀಮೆಗಳಿಂದ ಹಿಂದೂಪುರದ ಸಮೀಪದ ಲೇಪಾಕ್ಷಿಗೆ ಹೋಗಿಬರುವವರು ಹಲವರು. ವೀರಭದ್ರಸ್ವಾಮಿಗೆ ಕೈಮುಗಿದು, ತೂಗುಕಂಬದ ಬುಡದಲ್ಲಿ ಬಟ್ಟೆಯನ್ನು ತೂರಿಸಿ ನೋಡಿ, ನಾಟ್ಯಮಂಟಪದ ಮೇಲ್ಛಾವಣಿಯತ್ತ ಒಮ್ಮೆ ಕತ್ತೆತ್ತಿ “ಬಲು ಚೆನ್ನಾಗಿದೆ” ಎಂದು ಹೊರಡುವರು. ವಿದ್ಯಾವಂತರೂ ಇದಕ್ಕಿಂತ ಹೆಚ್ಚು ನುಡಿಯುವುದು ಅಪೂರ್ವ. ನುಡಿಯಲೇಬೇಕಾದರೆ ಇಂಗ್ಲಿಷಿನ ಮಾತಿಗಾಗಿ ತಡಕಾಡುವರು. ಚಿತ್ರವನ್ನು ಬಣ್ಣಿಸುವ ಪರಿಭಾಷೆ ನಮ್ಮವರಲ್ಲಿ ಇರಲಿಲ್ಲವೆಂಬ ಭಾವನೆಯು ಇದಕ್ಕೆ ಕಾರಣವಾದರೆ, ಆ ಭಾವನೆಯು ನಿರಾಧಾರವಾದುದು.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ರೇಖೆ, ವರ್ತನೆ, ಭೂಷಣ, ವರ್ಣ ಎಂಬ ನಾಲ್ಕನ್ನು ಎತ್ತಿ ಹೇಳುತ್ತದೆ. ಆಚಾರ್ಯರು ಮೆಚ್ಚುವುದು ರೇಖೆಯನ್ನು, ವಿಚಕ್ಷಣರು ವರ್ತನೆಯನ್ನು, ಸ್ತ್ರೀಯರು ಭೂಷಣವನ್ನು, ಉಳಿದವರು ಬಣ್ಣದ ಸಮೃದ್ಧಿಯನ್ನು ಎಂದು ಅದರ ಅಭಿಪ್ರಾಯ. ಸ್ತ್ರೀಯರನ್ನು ಕುರಿತ ಮಾತು ಈಗ ಯಾರಿಗೂ ಒಪ್ಪಿಗೆಯಾಗಲಾರದು. ವಿಂಗಡಣೆಯು ಮಾತ್ರ ಉಪಯುಕ್ತವಾದುದು. ರೇಖೆಯೆಂದರೆ ಆಕಾರವನ್ನು ಹಿಡಿದು ನಿಲ್ಲಿಸುವ ಗೆರೆ. ವರ್ತನೆಯೆಂದರೆ ಬೆಳಕು ನೆರಳುಗಳಿಂದ ಅಂಗಕ್ಕೆ ಉಬ್ಬುತಗ್ಗುಗಳನ್ನು ತೋರಿಸುವುದು. ಎಲೆಯ ನರಗಳಂತಹ ಎಳೆಗಳಿಂದ, ಸಣ್ಣ ಗೀರುಗಳಿಂದ, ಚುಕ್ಕೆಗಳಿಂದ ಅದನ್ನು ಸಾಧಿಸುವರು.

ಈ ಮಾತುಗಳನ್ನು ಹಿಡಿದುಕೊಂಡು ಲೇಪಾಕ್ಷಿಯ ಮಂಟಪವನ್ನು ಹೊಕ್ಕರೆ ನೋಟವೇ ಬೇರೆಯಾಗುವುದು. ವಿಜಯನಗರದ ಅಚ್ಯುತರಾಯನ (1529–1542) ಕಾಲಕ್ಕೆ ಸೇರಿದ ಆ ಚಿತ್ರಗಳಲ್ಲಿ ಗಿರಿಜಾಕಲ್ಯಾಣವಿದೆ, ಕಿರಾತಾರ್ಜುನರ ಕಥೆಯಿದೆ, ವಟಪತ್ರಶಾಯಿಯಿದ್ದಾನೆ. ಸುಣ್ಣದ ಗಾರೆಯ ಮೇಲೆ ಬಣ್ಣವನ್ನು ಸಮವಾಗಿ ತುಂಬಿ ಕಪ್ಪುಗೆರೆಯಿಂದ ಕಟ್ಟಿದ್ದಾರೆ. ಮುಖಗಳು ಬಹುಮಟ್ಟಿಗೆ ಪಕ್ಕಕ್ಕೆ ತಿರುಗಿದವು. ಚಿತ್ರಸೂತ್ರವು ಎಣಿಸುವ ಒಂಬತ್ತು ಸ್ಥಾನಗಳಲ್ಲಿ ಇದಕ್ಕೆ ಪಾರ್ಶ್ವಾಗತವೆಂದು ಹೆಸರು. ಸೀರೆಗಳ ವಿಧವಿಧವಾದ ಅಂಚು, ತುರುಬಿನ ಕಟ್ಟು, ಪುರುಷರ ಎತ್ತರದ ಕುಲ್ಲಾವಿ, ಇವೆಲ್ಲ ಭೂಷಣ. ವರ್ತನೆಯು ಅತ್ಯಲ್ಪ. ಅಜಂತೆಯೊಡನೆ ಹೋಲಿಸಿ ಲೇಪಾಕ್ಷಿಯನ್ನು ಇಳಿಗಾಲದ ಕೃತಿಯೆಂದು ಹಳಿಯುವವರು ಈ ಭೇದವನ್ನು ಗಮನಿಸಬೇಕು. ಕುಗ್ಗಿದುದು ವರ್ತನೆ, ರೇಖೆ ಕುಗ್ಗಿಲ್ಲ, ಭೂಷಣವಂತೂ ಹೆಚ್ಚಿದೆ. ಹೆಸರು ತಿಳಿಯದವನಿಗೆ ಎಲ್ಲವೂ ಒಟ್ಟಿಗೆ ಕುಗ್ಗಿದಂತೆ ಕಾಣುವುದು ಸಹಜ.

ಕನ್ನಡಿಗರ ದೊರೆಯೊಬ್ಬನೇ ಈ ಶಾಸ್ತ್ರವನ್ನು ಬರೆದಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸಕ್ಕೆ ಅಭಿಲಷಿತಾರ್ಥಚಿಂತಾಮಣಿಯೆಂದೂ ಹೆಸರು. ಅದರಲ್ಲಿ ಕನ್ನಡಿಯ ಪ್ರತಿಬಿಂಬದಂತೆ ಇದ್ದುದನ್ನು ಇದ್ದಂತೆ ಬರೆದುದು ವಿದ್ಧಚಿತ್ರ. ಮನಸ್ಸಿಗೆ ಹೊಳೆದಂತೆ ಬರೆದುದು ಅವಿದ್ಧ. ನೋಡಿದೊಡನೆ ಶೃಂಗಾರಾದಿಗಳು ತೋರುವುದು ಭಾವಚಿತ್ರ. ಈಗ ಭಾವಚಿತ್ರವೆಂದರೆ ಗೋಡೆಗೆ ತೂಗುಹಾಕಿದ ಹಿರಿಯರ ಪಟ! ದ್ರವವರ್ಣದಿಂದಾದುದು ರಸಚಿತ್ರ, ಪುಡಿಯಿಂದಾದುದು ಧೂಳಿಚಿತ್ರ. ಉಪಕರಣಗಳನ್ನೂ ದೊರೆಯು ಬಿಟ್ಟಿಲ್ಲ: ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಬತ್ತಿ ಮಾಡಿದರೆ ಮೊದಲ ಗೆರೆಯೆಳೆಯುವ ವರ್ತಿಕೆ, ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಬೇಯಿಸಿದರೆ ಬಣ್ಣವನ್ನು ಹಿಡಿದಿಡುವ ವಜ್ರಲೇಪ.

ಅಚ್ಚಗನ್ನಡದಲ್ಲಿಯೂ ಮಾತಿಗೆ ಬಡತನವಿಲ್ಲ. ಅಕ್ಷರಕ್ಕೂ ಚಿತ್ರಕ್ಕೂ ‘ಬರೆ’ ಎಂಬ ಒಂದೇ ಧಾತು. ವರ್ಣವು ಬಣ್ಣವಾಯಿತು, ಚಿತ್ರಕಾರ್ಯವು ಚಿತ್ತಾರವಾಗಿ ಮನೆಯ ಗೋಡೆಗೆ ಬಂದಿತು. ಹೊಯ್ಸಳ ಕಾಲದ ಶಿಲ್ಪಿಗಳು ವಿಗ್ರಹದ ಪೀಠದಲ್ಲಿ ತಮ್ಮನ್ನು ರೂವಾರಿಯೆಂದು ಕರೆದುಕೊಂಡರು. ಆ ಪದವನ್ನು ಇಂದು ಪತ್ರಿಕೆಗಳು ಯೋಜನೆಗಳನ್ನು ಹೂಡುವವರಿಗೆ ಕೊಟ್ಟುಬಿಟ್ಟಿವೆ. ಸಿರಾ, ಪಾವಗಡಗಳ ಗಡಿಯಾಚೆ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯಲ್ಲಿ ಕಲ್ಲನ್ನು ಕೊರೆದು ಬಳ್ಳಿಗಳ ನಡುವೆ ಮೂರ್ತಿಗಳನ್ನು ನಿಲ್ಲಿಸಿದ ಕಿಟಕಿಗಳಿವೆ. ಅದಕ್ಕೆ ಜಾಲಂಧ್ರವೆಂಬ ಪದವಿರಲು, ತೂತಿನ ಕಲ್ಲೆಂದು ಹೇಳಿ ಮುಂದೆ ಹೋಗುವರು.

ಇನ್ನು ಧೂಳಿಚಿತ್ರವನ್ನು ಕಾಣಲು ಹೇಮಾವತಿಗೂ ಲೇಪಾಕ್ಷಿಗೂ ಹೋಗಬೇಕಾಗಿಲ್ಲ. ಮಧುಗಿರಿಯ ಯಾವ ಬೀದಿಯಲ್ಲಾದರೂ ಹೊತ್ತು ಮೂಡುವ ಮುನ್ನ, ನೀರು ಚಿಮುಕಿಸಿದ ಅಂಗಳದಲ್ಲಿ ಚುಕ್ಕೆಯಿಟ್ಟು ಎಳೆಯೆಳೆಯುವ ಗೃಹಿಣಿಯರ ಬೆರಳಿನಲ್ಲಿ ಅದು ಇಳಿಯುತ್ತಿರುತ್ತದೆ.